ಹೋಮ್ಸನ ಹಾವು, ಅತ್ತೆಯವರ ತನಿಖೆ

ಬ್ರಿಟನ್ನಿನ ಗ್ರನಾಡಾ ಟೆಲಿವಿಷನ್ 1984ರಿಂದ 1994ರವರೆಗೆ ಪ್ರಸಾರ ಮಾಡಿದ ಷರ್ಲಾಕ್ ಹೋಮ್ಸ್ ಧಾರಾವಾಹಿಯ 41 ಕಂತುಗಳಲ್ಲಿ ಯಾವುದನ್ನಾದರೂ ಮನೆಮಂದಿಯೊಂದಿಗೆ ಕುಳಿತು ನೋಡಬಹುದು. ಆದರೆ ಮಲೆನಾಡಿನ ಅಡಿಕೆ ತೋಟದಲ್ಲಿ ಹುಟ್ಟಿ ಬೆಳೆದ ಅತ್ತೆಯವರು ಪಕ್ಕದಲ್ಲಿದ್ದರೆ ಹಾವಿನ ಕಂತಿನ ಸಹವಾಸ ಬೇಡ. ನಟ ಜೆರೆಮಿ ಬ್ರೆಟ್‌ನ ಹೋಮ್ಸನನ್ನು ಅವರು ಮೊದಲ ನೋಟಕ್ಕೇ ಒಪ್ಪಿಕೊಂಡರು. ತಕರಾರೆಲ್ಲ ಡಾಕ್ಟರ್ ರಾಯ್ಲಟ್‌ನ ಮೇಲೆ.

ಕಲ್ಕತ್ತೆಯಲ್ಲಿ ವೈದ್ಯನಾಗಿದ್ದು ಇಂಗ್ಲೆಂಡಿಗೆ ಮರಳಿದ ಈ ಮಹಾಶಯ, ಮಲಮಗಳ ಮದುವೆಯಾದರೆ ಹಣ ಕೈತಪ್ಪುತ್ತದೆಂದು ಅವಳ ಕೊಲೆಗೆ ಹೊರಟವನು. ಭಾರತದಿಂದ ತರಿಸಿದ್ದೆಂದು ಹೇಳುವ ಚೀತಾ ಮತ್ತು ಬಬೂನು ಅವನ ಅಂಗಳದಲ್ಲಿ ಅಡ್ಡಾಡುತ್ತವೆ. "ಇಂಥ ಮಂಗ ನಮ್ಮಲ್ಲೆಲ್ಲಿದೆ?" ಎಂದರು ಅತ್ತೆ. ಬಬೂನು ಭಾರತದ ಪ್ರಾಣಿಯೇ ಅಲ್ಲವಾದ್ದರಿಂದ ನಾನು ತೆಪ್ಪಗಾದೆ. ಆದರೆ ಗೋಡೆಯ ಕಿಂಡಿಯಿಂದ ಹಗ್ಗದ ಮೇಲೆ ಹಾವನ್ನು ಇಳಿಸಿ, ಸಿಳ್ಳೆ ಹಾಕಿ ಹಿಂದಕ್ಕೆ ಕರೆದು, ಬಟ್ಟಲ ಹಾಲು ಕುಡಿಸುವ ಅವನ ವಿದ್ಯೆಯ ಸುಳಿವು ಸಿಕ್ಕಾಗ ಸುಮ್ಮನಿರಲಾಗದೆ, ಹಾವು ಹಾಲು ಕುಡಿಯುವುದಿಲ್ಲವೆಂದೂ ಅದಕ್ಕೆ ಹೊರಗಿವಿಯೂ ಇಲ್ಲವೆಂದೂ ವಿವರಿಸಿದೆ. ಪ್ರತಿ ನಾಗರಪಂಚಮಿಗೆ ಹುತ್ತಕ್ಕೆ ಹಾಲೆರೆಯುವ ಅತ್ತೆಯವರು ಆ ಗಳಿಗೆಯಲ್ಲೇ ಪಕ್ಷಾಂತರ ಮಾಡಿದರು: "ಕೊಲೆಗಾರನಾದರೂ ಅವನಿಗೆ ಅಷ್ಟು ತಿಳಿದಿದೆ!"

ಹೋಮ್ಸ್ ಮತ್ತು ಅವನ ಗೆಳೆಯ ವಾಟ್ಸನ್ ದೀಪವಾರಿಸಿ, ಉಸಿರು ಬಿಗಿಹಿಡಿದು ಕೂತರು. ಪರದೆ ಕಪ್ಪಾಯಿತು. ವಿಕ್ಟೋರಿಯನ್ ಕಾಲದ ಕತ್ತಲೆಯನ್ನು ಇಷ್ಟು ನಿಜವಾಗಿ ತೋರಿಸಿದ ನಿರ್ದೇಶಕನನ್ನು ನಾನು ಮನಸಾರೆ ಮೆಚ್ಚುತ್ತಿದ್ದಾಗ, "ಅಳಿಯಂದಿರೇ, ಫ್ಯಾನೂ ನಿಂತಿದೆ" ಎಂಬ ದನಿ ಕೇಳಿತು. ಕರೆಂಟು ಹೋಗಿತ್ತು. ಮೂಲ ಕಥೆಯಲ್ಲಿ ಇದೇ ಹೊತ್ತಿಗೆ ಪಕ್ಕದ ಕೋಣೆಯಿಂದ ಉರಿವ ಎಣ್ಣೆ ಮತ್ತು ಕಾದ ಲೋಹದ ವಾಸನೆ ಬರುತ್ತದೆ. ನಮ್ಮ ಮನೆಯಲ್ಲೂ ಬಂತು, ಆದರೆ ಅದು ಒಲೆಯ ಮೇಲೆ ಉಕ್ಕಿ ತಳ ಹಿಡಿದ ಹಾಲಿನದು. ಹೆಂಡತಿ ಮೊಬೈಲ್ ಟಾರ್ಚ್ ಹಿಡಿದು ಅಡುಗೆಮನೆಗೆ ಓಡಿದಳು.

ಆ ಕತ್ತಲಲ್ಲೇ ಅತ್ತೆಯವರು ಪ್ರಕರಣ ಮುಗಿಸಿದರು: "ಹಾವು ಸಾಕಿದವನನ್ನೇ ಕಚ್ಚುತ್ತದೆ." ಕರೆಂಟು ಬಂದ ಮೇಲೆ ನೋಡಿದರೆ ರಾಯ್ಲಟ್‌ನ ತಲೆಗೆ ಹಾವು ಸುತ್ತಿಕೊಂಡಿತ್ತು. ಹೋಮ್ಸ್ ಅದನ್ನು ಮತ್ತೆ ಕಬ್ಬಿಣದ ತಿಜೋರಿಗೆ ಸೇರಿಸಿದ್ದೇ ತಡ, ಹೊಸ ತನಿಖೆ ಆರಂಭವಾಯಿತು.

"ಅದರೊಳಗೆ ಅದಕ್ಕೆ ಉಸಿರಾಡಲು ಗಾಳಿ ಎಲ್ಲಿಂದ ಬರುತ್ತದೆ? ನಿಮ್ಮ ಹೋಮ್ಸ್ ಅದನ್ನೇಕೆ ಕೇಳಲಿಲ್ಲ?"