29 ನಿಮಿಷ 59 ಸೆಕೆಂಡಿನ ಮದುವೆ

ಮನೆಯ ಮದುವೆ, ನಾಮಕರಣ ಎಲ್ಲ ನಾವೇ ಶೂಟ್ ಮಾಡೋಣ, ಕಮ್ಮಿ ದುಡ್ಡಲ್ಲಿ ಒಂದು ಕ್ಯಾಮೆರಾ ಸಾಕು ಎಂದು ಅಂಗಡಿಗೆ ಹೋಗಿ ನೋಡಿ. ಮೊದಲ ಪ್ರಶ್ನೆಯೇ, "ಎಷ್ಟು ಮೆಗಾಪಿಕ್ಸೆಲ್ ಸಾರ್?"

4ಕೆ ವಿಡಿಯೊ ಅಂದರೆ ಅಡ್ಡಕ್ಕೆ 3840 ಚುಕ್ಕಿ, ಉದ್ದಕ್ಕೆ 2160. ಹತ್ತು ಲಕ್ಷ ಚುಕ್ಕಿಗೆ ಒಂದು ಮೆಗಾಪಿಕ್ಸೆಲ್; ಗುಣಿಸಿದರೆ ಎಂಟು ಮೆಗಾಪಿಕ್ಸೆಲ್ ಚಿಲ್ಲರೆ. ಹಾಗಾದರೆ ಕೆಲವು ಫೋನ್ ಕ್ಯಾಮೆರಾಗಳ ಆ 200 ಮೆಗಾಪಿಕ್ಸೆಲ್ ವಿಡಿಯೊಗೆ ಯಾತಕ್ಕೆ? ಡಬ್ಬದ ಮೇಲೆ ದಪ್ಪಕ್ಷರದಲ್ಲಿ ಅಚ್ಚು ಹಾಕೋಕೆ. ಜೂಮ್‌ನದೂ ಅದೇ ಕತೆ. ಡಿಜಿಟಲ್ ಜೂಮ್ ಇರುವ ಚಿತ್ರವನ್ನೇ ಸುಮ್ನೆ ಹಿಗ್ಗಿಸುತ್ತದೆ. ಸ್ಕೂಲ್ ಡೇ ದಿನ ಕೊನೇ ಸಾಲಿನಿಂದ ಎಳೆದರೆ ನಿಮ್ಮ ಮುದ್ದು ಕೃಷ್ಣ ನಾಲ್ಕು ನೀಲಿ ಚೌಕವಾಗಿ ಕುಣಿಯುತ್ತಾನೆ.

ಇದನ್ನೆಲ್ಲ ದಾಟಿ, ಫೋಟೊಗೂ ಆಯ್ತು ವಿಡಿಯೊಗೂ ಆಯ್ತು ಅಂತ ಸೆಕೆಂಡ್ ಹ್ಯಾಂಡ್ ಡಿಎಸ್‌ಎಲ್‌ಆರ್ (ಲೆನ್ಸ್ ಬದಲಿಸುವ ದೊಡ್ಡ ಫೋಟೊ ಕ್ಯಾಮೆರಾ) ತಂದಿರೋ, ನಿಮ್ಮನೆ ಮದುವೆಗೆ ಯುರೋಪಿನ ಸುಂಕದವರೂ ಬಂದರು ಎಂದೇ ಲೆಕ್ಕ. ಕರೆದಿರಲಿಲ್ಲ, ಆದ್ರೂ ಬಂದರು. ಅವರ ಹಳೇ ನಿಯಮದಲ್ಲಿ ಒಂದೇ ಸಲಕ್ಕೆ 30 ನಿಮಿಷ ರೆಕಾರ್ಡ್ ಮಾಡಿದರೆ ಅದು ವಿಡಿಯೊ ಕ್ಯಾಮೆರಾ, ಸುಂಕ ಜಾಸ್ತಿ. ಒಂದು ಸೆಕೆಂಡ್ ಕಮ್ಮಿ ಆದರೆ ಫೋಟೊ ಕ್ಯಾಮೆರಾ! ಕಂಪನಿಯವರು ಚಾಪೆ ಕೆಳಗೆ ತೂರಿದರು. 29 ನಿಮಿಷ 59 ಸೆಕೆಂಡಿಗೆ ತಾನೇ ನಿಲ್ಲುವ ಕ್ಯಾಮೆರಾಗಳು ಬಂದವು. ಅಲ್ಲಿನ ಸುಂಕಕ್ಕೆ ಹೆದರಿದ ಕ್ಯಾಮೆರಾ ಇಲ್ಲಿ ದಾವಣಗೆರೆ ಕಲ್ಯಾಣ ಮಂಟಪದಲ್ಲೂ ಹೆದರಿತು.

ಪುರೋಹಿತರು ಕೈಯೆತ್ತಿ "ಗಟ್ಟಿಮೇಳ, ಗಟ್ಟಿಮೇಳ" ಅನ್ನುತ್ತಾರೆ. ಆಗಲೇ ಕ್ಯಾಮೆರಾದ ರೆಕಾರ್ಡಿಂಗ್ ಕೆಂಪು ದೀಪ ಆರುತ್ತದೆ. ಚಿಕ್ಕಪ್ಪ ಗುಂಡಿ ಹುಡುಕಿ ಒತ್ತುವಷ್ಟರಲ್ಲಿ ತಾಳಿ ಕಟ್ಟಿ ಆಗಿದೆ, ಅಕ್ಷತೆ ನೆಲ ಸೇರಿದೆ, ಅರ್ಧ ಜನ ಊಟದ ಹಾಲ್‌ನಲ್ಲಿದ್ದಾರೆ. ಇನ್ನೊಂದ್ಸಲ ಕಟ್ಟಪ್ಪಾ ಅನ್ನೋಕಾಗುತ್ತಾ? (ಅನ್ನುವವರೂ ಇದ್ದಾರೆ ಬಿಡಿ.) ಹೊಸ ಮಾದರಿಗಳಲ್ಲಿ ಹಲವಕ್ಕೆ ಈ ಅರ್ಧ ಗಂಟೆಯ ಕಟ್ಟಿಲ್ಲ. ಆದರೆ ಕಮ್ಮಿ ಬೆಲೆಗೆ ಸಿಗುವುದು ಹಳೇದೇ ಅಲ್ವಾ?

ಇಷ್ಟೆಲ್ಲ ಆಗಿ ಹಿಡಿದ ವಿಡಿಯೊ ಕೊನೆಗೆ ವಾಟ್ಸ್‌ಆ್ಯಪ್‌ನಲ್ಲಿ ಹಿಂಡಿ ಹಿಪ್ಪೆಯಾಗಿ ಅತ್ತೆಯ ಫೋನ್ ಸೇರುತ್ತದೆ. ಚಿತ್ರ ಹೇಗೋ ನಡೆಯುತ್ತದೆ. ಅಜ್ಜಿ ಹಾಡಿದ ಸೋಬಾನೆ ಮಾತ್ರ ಫ್ಯಾನಿನ ಗಾಳಿ, ವಾಲಗದ ಸದ್ದಿನ ಅಡಿ ಎಲ್ಲೋ ಹೋಗಿದೆ. ಡಬ್ಬದ ಮೇಲೆ ಮೈಕ್ ಬಗ್ಗೆ ಒಂದಕ್ಷರ ಇರುವುದಿಲ್ಲ. ಹೊರಗಿನ ಮೈಕ್ ಸಿಕ್ಕಿಸೋಕೆ ತೂತು ಇದೆಯೇನಪ್ಪಾ ಎಂದು ಕೇಳಿ ನೋಡಿ. ಮಾರುವ ಹುಡುಗ ಡಬ್ಬ ತಿರುಗಿಸಿ ತಿರುಗಿಸಿ ನೋಡಿ ಹೇಳುತ್ತಾನೆ: "ಬ್ಲೂಟೂತ್ ಇದೆ ಸಾರ್."