ಗ್ವಾಡಿಗೇನ್ ಥಂಡಿ ಆಗೇತೇನವಾ?

ಜನವರಿ ಬಂತೆಂದರೆ ಉಳಿದವರು ಸಕ್ಕರೆ ಬಿಡುತ್ತೇವೆ, ಬೆಳಿಗ್ಗೆ ವಾಕಿಂಗ್ ಹೋಗುತ್ತೇವೆ ಎಂದು ಡೈರಿಯಲ್ಲಿ ಬರೆದುಕೊಳ್ಳುತ್ತಾರೆ. ಕ್ವಿಲ್ಟ್, ಅಂದರೆ ನಮ್ಮ ಕೌದಿಯ ಹಾಗೆ ಬಟ್ಟೆಯ ಪದರಗಳನ್ನು ಕೂಡಿಸಿದ ಹೊದಿಕೆ, ಹೊಲಿಯುವ ಹುಚ್ಚು ಹತ್ತಿದವರು ಬರೆದುಕೊಳ್ಳುವುದು ‘ಈ ವರ್ಷ ಹೊಸ ಬಟ್ಟೆ ಕೊಳ್ಳುವುದಿಲ್ಲ’ ಎಂದು. ಅದೇ ತಿಂಗಳಲ್ಲಿ ಚಿಕ್ಕಪೇಟೆಯ ಕಡೆ ಏನೋ ಕೆಲಸ ಬೀಳುತ್ತದೆ. ಕಪಾಟಿನಲ್ಲಿ ಈಗಾಗಲೇ ಇರುವುದನ್ನು ಹೊಲಿದು ಮುಗಿಸಲು ಈ ಜನ್ಮ ಸಾಲದೆಂಬುದು ಚೆನ್ನಾಗಿ ಗೊತ್ತು. ಆದರೂ ಅಂಗಡಿಯವನು ಕಲಂಕಾರಿಯ ತಾನು ಬಿಚ್ಚಿ ಹಾಸಿದನೆಂದರೆ ‘ಅರ್ಧ ಮೀಟರ್ ಕೊಡಿ’ ಎಂದು ಬಾಯಿ ತಾನೇ ಅನ್ನುತ್ತದೆ. ಅರ್ಧ ಮೀಟರು ನಮ್ಮಲ್ಲಿ ಲೆಕ್ಕಕ್ಕಿಲ್ಲ.

ಎರಡನೆಯ ಗುರಿ, ಅರ್ಧಕ್ಕೆ ನಿಂತದ್ದನ್ನೆಲ್ಲ ಮುಗಿಸುವುದು. ಅಮೆರಿಕದ ಕ್ವಿಲ್ಟರುಗಳು ಇಂಥ ಅರೆಬರೆ ಕೆಲಸಕ್ಕೆ ಯುಎಫ್‌ಒ ಅನ್ನುತ್ತಾರೆ, ‘ಅನ್‌ಫಿನಿಶ್ಡ್ ಆಬ್ಜೆಕ್ಟ್’, ಹಾರುವ ತಟ್ಟೆಗಳ ಹೆಸರೇ. ಆಕಾಶದಲ್ಲಿ ಅವು ಕಾಣುವುದು ಅಪರೂಪವಂತೆ, ನನ್ನ ಟ್ರಂಕಿನಲ್ಲಿ ಧಾರಾಳವಾಗಿವೆ. ಮೂರನೆಯದು ಕೈಹೊಲಿಗೆಯನ್ನು ಸಣ್ಣದು ಮಾಡುವುದು. ಇಂಚಿಗೆ 8ರಿಂದ 10 ಹೊಲಿಗೆ ಬಂದರೆ ಒಳ್ಳೆಯ ಕೈ ಎಂದು ಬಲ್ಲವರು ಹೇಳುತ್ತಾರೆ. ನನ್ನ ಹೊಲಿಗೆಯನ್ನು ಎಣಿಸುವ ಗೋಜಿಗೆ ನಾನು ಹೋಗಿಲ್ಲ. ನಾಲ್ಕನೆಯದೇ ಈಗಿನ ವಿಷಯ: ಒಂದು ಕ್ವಿಲ್ಟನ್ನು ಪ್ರದರ್ಶನಕ್ಕೆ ಕಳಿಸುವುದು.

ಇದನ್ನು ಗದಗಿನಲ್ಲಿರುವ ದೊಡ್ಡವ್ವನಿಗೆ ಫೋನಿನಲ್ಲಿ ಹೇಳಿದೆ. ಸ್ಪರ್ಧೆಗೆ ಕಳಿಸುವ ಕೌದಿಯನ್ನು ಗೋಡೆಗೆ ತೂಗುಹಾಕುತ್ತಾರೆ, ಜನ ಟಿಕೆಟ್ ತೆಗೆದುಕೊಂಡು ಬಂದು ನೋಡುತ್ತಾರೆ ಎಂದು ವಿವರಿಸಿದೆ. ಆಕೆ ಪೂರಾ ಕೇಳಿಸಿಕೊಂಡು, “ಗ್ವಾಡಿಗೇನ್ ಥಂಡಿ ಆಗೇತೇನವಾ?” ಎಂದಳು.

ಅವಳ ಮಟ್ಟಿಗೆ ಅದು ನ್ಯಾಯವಾದ ಪ್ರಶ್ನೆ. ನಮ್ಮ ಕಡೆ ಕೌದಿಗೆ ಗುರಿ ಅಂತ ಬೇರೆ ಇರಲಿಲ್ಲ, ಹೊದೆಯುವವರು ಇದ್ದರು. ಬಾಣಂತಿಗೊಂದು, ಕೂಸಿಗೊಂದು, ಹಾಸ್ಟೆಲಿಗೆ ಹೋಗುವ ಹುಡುಗನಿಗೊಂದು. ಒಗೆದೊಗೆದು ಮೆತ್ತಗಾದ ಧೋತರ, ಹಳೇ ಸೀರೆಗಳನ್ನು ನೆಲದ ಮೇಲೆ ಪದರ ಪದರವಾಗಿ ಹಾಸಿ, ಸುಕ್ಕು ಹೋಗುವ ಹಾಗೆ ಅಂಗೈಯಿಂದ ಸವರಿ, ಜರುಗದಂತೆ ಮೂಲೆಗೆ ಕಲ್ಲಿಟ್ಟು, ದೊಡ್ಡ ದೊಡ್ಡ ಟಾಕಿ ಹಾಕಿಕೊಳ್ಳುವುದು. ಆಮೇಲೆ ಬಿಳಿ ದಾರದ ಸಾಲು ಅಂಚಿನಿಂದ ಹೊರಡುತ್ತದೆ. ಇಳಕಲ್ ಸೀರೆಯ ಒಡಲು ಹರಿದರೂ ಅದರ ಟೋಪಿತೆನಿ ಸೆರಗು ಗಟ್ಟಿಯಾಗಿಯೇ ಉಳಿದಿರುತ್ತದೆ, ಅದು ಮೇಲುಗಡೆ ಬರಬೇಕು. ಖಣದ ಕುಪ್ಪಸ ಬಿಚ್ಚಿದಾಗ ಸಿಗುವ ತ್ರಿಕೋನದ ತುಂಡುಗಳಿಗೆ ಮೂಲೆಯಲ್ಲಿ ಜಾಗ. ಅಕ್ಕಪಕ್ಕದ ಮನೆಯವರು ಬಂದು ಒಂದೊಂದು ಬದಿಗೆ ಕೂತರೆ ಮಾತೂ ಸಾಗಿತು, ಸಾಲೂ ಸಾಗಿತು. ಕೈ ಸಾಲದ ಮನೆಗಳಿಗೆ ‘ಕೌದಿ ಹೊಲಸ್ತೀರೇನ್ರೀ’ ಎಂದು ಕೂಗುತ್ತ ಓಣಿಗೆ ಬರುವ ಹೆಂಗಸರಿದ್ದರು. ಮುಗಿದ ಕೌದಿಗೆ ಪರೀಕ್ಷೆ ಮಾಡುವವರು ಯಾರು? ಅಂದು ರಾತ್ರಿ ಅದರೊಳಗೆ ಮಲಗಿದವರು.

ಪ್ರದರ್ಶನದ ತೀರ್ಪುಗಾರರು ಮಲಗಿ ನೋಡುವುದಿಲ್ಲ. ಕ್ವಿಲ್ಟನ್ನು ಮೇಜಿನ ಮೇಲೆ ಬಿಡಿಸುತ್ತಾರೆ. ಹೊಲಿದವರ ಹೆಸರು ಅವರಿಗೆ ತಿಳಿಸುವುದಿಲ್ಲ. ಅಂಚಿನ ಪಟ್ಟಿಯನ್ನು ಬೆರಳಿನಿಂದ ಒತ್ತಿ, ಒಳಗೆ ಹತ್ತಿ ತುಂಬಿದೆಯೋ ಟೊಳ್ಳಿದೆಯೋ ನೋಡುತ್ತಾರೆ. ನಾಲ್ಕೂ ಮೂಲೆ ಚೌಕಾಗಿವೆಯೇ, ನಕ್ಷತ್ರದ ಮೊನೆಗಳು ಒಂದಕ್ಕೊಂದು ಕೂಡಿವೆಯೇ ಅಥವಾ ಹೊಲಿಗೆಯಲ್ಲಿ ಮೊಂಡಾಗಿವೆಯೇ, ಹಿಂಬದಿಯ ಗಂಟು ಕಾಣುತ್ತಿದೆಯೇ, ಬೆಕ್ಕಿನ ಕೂದಲು ಅಂಟಿದೆಯೇ. ಬಣ್ಣ, ವಿನ್ಯಾಸದ ಮಾತೂ ಇದೆ. ಆದರೆ ಟೊಳ್ಳು ಅಂಚು ಇಟ್ಟುಕೊಂಡು ಒಳ್ಳೆಯ ಬಣ್ಣದ ಭರವಸೆಯಲ್ಲಿ ಕೂರುವಂತಿಲ್ಲ. ನೋಡಲು ಬಂದ ಜನ ಮುಟ್ಟುವ ಹಾಗಿಲ್ಲ. ಹಿಂಬದಿ ನೋಡುವ ಆಸೆಯಾದರೆ ಬಿಳಿ ಕೈಗವಸು ತೊಟ್ಟು ನಿಂತ ಸ್ವಯಂಸೇವಕಿಯನ್ನು ಕರೆಯಬೇಕು, ಅವರು ಮೂಲೆಯೊಂದನ್ನು ಮೆಲ್ಲಗೆ ಮಗುಚಿ ತೋರಿಸುತ್ತಾರೆ. ದೊಡ್ಡವ್ವನಿಗೆ ಈ ಕೈಗವಸಿನ ವಿಷಯ ನಾನು ಇನ್ನೂ ಹೇಳಿಲ್ಲ.

ಅಮೆರಿಕದ ಕೆಂಟಕಿ ರಾಜ್ಯದಲ್ಲಿ, ಒಹಾಯೊ ನದಿಯ ದಂಡೆಗೆ ಪಡೂಕಾ ಎಂಬ ಸಣ್ಣ ಊರಿದೆ. 1985ರಲ್ಲಿ ಅಲ್ಲಿ ಶುರುವಾದ ಪ್ರದರ್ಶನಕ್ಕೆ ಈಗ ಜಗತ್ತಿನ ಮೂಲೆಮೂಲೆಯಿಂದ ಕ್ವಿಲ್ಟುಗಳು ಬರುತ್ತವೆ, ಊರಿನಲ್ಲಿ ಕ್ವಿಲ್ಟಿಗೇ ಒಂದು ಮ್ಯೂಸಿಯಂ ಇದೆ. ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನಲ್ಲೂ ಬೇಸಗೆಗೊಂದು ದೊಡ್ಡ ಹಬ್ಬವಿದೆ. ಆದರೆ ನನ್ನನ್ನು ಬಿಡದೆ ಹಿಡಿದದ್ದು ಇವೆಲ್ಲಕ್ಕಿಂತ ಹಳೆಯದಾದ ಒಂದು ಸ್ಪರ್ಧೆಯ ಕಥೆ.

1933ರಲ್ಲಿ ಶಿಕಾಗೋದಲ್ಲಿ ವಿಶ್ವ ಮೇಳ. ಅದರ ಜೊತೆಗೆ ಸಿಯರ್ಸ್ ಕಂಪನಿ ಕ್ವಿಲ್ಟ್ ಸ್ಪರ್ಧೆಯೊಂದನ್ನು ಸಾರಿತು. ಮೊದಲ ಬಹುಮಾನ 1,000 ಡಾಲರ್. ಅದು ಮಹಾ ಆರ್ಥಿಕ ಕುಸಿತದ ಕಾಲ, ಅಷ್ಟು ಹಣವಿದ್ದರೆ ಒಂದು ಸಂಸಾರ ಹೆಚ್ಚುಕಡಿಮೆ ಒಂದು ವರ್ಷ ಬಾಳಬಹುದಿತ್ತು. ಜನವರಿಯಲ್ಲಿ ಪ್ರಕಟಣೆ, ಮೇ ತಿಂಗಳ ನಡುವಿಗೆ ಕೊನೆಯ ದಿನ. ಇಡೀ ಕ್ವಿಲ್ಟನ್ನು ಕೈಯಲ್ಲಿ ಮುಗಿಸಲು ಅದು ಯಾವ ಮೂಲೆಗೂ ಸಾಲದು. ಆದರೂ 24,000ಕ್ಕೂ ಹೆಚ್ಚು ಕ್ವಿಲ್ಟುಗಳು ಬಂದವು. ಮೇಳದ ವಿಷಯ ‘ಒಂದು ಶತಮಾನದ ಪ್ರಗತಿ’ ಎಂದು, ಆ ವಸ್ತುವಿಗೆ ಒಪ್ಪುವ ಸ್ವಂತ ವಿನ್ಯಾಸವೇ ಗೆದ್ದರೆ ಇನ್ನೂ 200 ಡಾಲರ್ ಎಂದು ಆಸೆ ತೋರಿಸಿದ್ದರು. ಪಾಪ, ಎಷ್ಟೋ ಹೆಂಗಸರು ಗಗನಚುಂಬಿ ಕಟ್ಟಡ, ವಿಮಾನಗಳನ್ನೆಲ್ಲ ಬಟ್ಟೆಯಲ್ಲಿ ಕತ್ತರಿಸಿ ಕೂರಿಸಿದರು. ತೀರ್ಪುಗಾರರ ಮನಸ್ಸು ಹೋದದ್ದು ಹಳೆಯ ನಕ್ಷತ್ರದ ಮಾದರಿಯ ಕಡೆಗೆ. ಗೆದ್ದವಳು ಕೆಂಟಕಿಯ ಲೆಕ್ಸಿಂಗ್ಟನ್ನಿನ ಮಾರ್ಗರೆಟ್ ರಾಜರ್ಸ್ ಕೇಡನ್. ಕ್ವಿಲ್ಟನ್ನು ಅಧ್ಯಕ್ಷರ ಪತ್ನಿ ಎಲಿನಾರ್ ರೂಸ್‌ವೆಲ್ಟರಿಗೆ ಉಡುಗೊರೆ ಕೊಟ್ಟರು. ಈಗ ಅದು ಎಲ್ಲಿದೆಯೋ ಪತ್ತೆಯಿಲ್ಲ.

ಕೇಡನ್ ಆ ಕ್ವಿಲ್ಟಿಗೆ ಸೂಜಿಯನ್ನೇ ಹಾಕಿರಲಿಲ್ಲ ಎಂಬುದು ಎಷ್ಟೋ ದಶಕಗಳ ನಂತರ ಹೊರಬಿತ್ತು. ಅವಳದು ಕಸೂತಿ ಸಾಮಾನಿನ ಅಂಗಡಿ. ಹೊಲಿದವರು ಅಂಗಡಿಯಿಂದ ಕೂಲಿಗೆ ಕೆಲಸ ಪಡೆಯುತ್ತಿದ್ದ ಹೆಂಗಸರು. ಬಹುಮಾನದಲ್ಲಿ ಅವರಿಗೆ ಪಾಲು ಸಿಗಲಿಲ್ಲ. ಬಾಯಿ ಬಿಟ್ಟರೆ ಇದ್ದ ಕೂಲಿಗೂ ಸಂಚಕಾರ, ಹಾಗಾಗಿ ಸುಮ್ಮನಿದ್ದರು.

ಇದನ್ನು ಓದಿದಾಗ ನನಗೆ ಸಿಟ್ಟು ಬಂತು. ಸಿಟ್ಟಿನ ಹಿಂದೆಯೇ ನಮ್ಮ ಓಣಿಯಲ್ಲಿ ಕೂಗಿಕೊಂಡು ಬರುತ್ತಿದ್ದ ಹೆಂಗಸರ ನೆನಪೂ ಬಂತು. ಅವರು ಹೊಲಿದ ಕೌದಿಯನ್ನು ನಾವು ‘ನಮ್ಮ ಅಜ್ಜಿ ಕೌದಿ’ ಎಂದೇ ಹೇಳುತ್ತ ಬಂದಿದ್ದೇವೆ. ಸೀರೆ ಅಜ್ಜಿಯದು, ಸರಿ. ಸಾಲು ಯಾರದು? ಈಗಿನ ಎಷ್ಟೋ ಪ್ರದರ್ಶನಗಳ ಅರ್ಜಿಯಲ್ಲಿ ಮೇಲ್ಪದರ ಜೋಡಿಸಿದವರು ಯಾರು, ಪದರಗಳನ್ನು ಕೂಡಿಸಿ ಹೊಲಿದವರು ಯಾರು ಎಂದು ಬೇರೆ ಬೇರೆ ಕೇಳುತ್ತಾರೆ. ಇಬ್ಬರು ಸೇರಿ ಮಾಡಿದ್ದಕ್ಕೆ ಪ್ರತ್ಯೇಕ ವಿಭಾಗವನ್ನೇ ಇಟ್ಟವರೂ ಇದ್ದಾರೆ. ಅಂಚಿನ ಪಟ್ಟಿಯ ಟೊಳ್ಳು ನೋಡುವುದಕ್ಕಿಂತ ಈ ಕಾಲಮ್ಮುಗಳ ಮೇಲೆ ನನಗೆ ಗೌರವ ಹೆಚ್ಚು.

ಹಾಗೆಂದು ಕೌದಿಗೆ ತನ್ನದೇ ತೀರ್ಪು ಇಲ್ಲವೆಂದಲ್ಲ. ಉತ್ತರ ಕನ್ನಡದ ಯಲ್ಲಾಪುರ, ಹಳಿಯಾಳದ ಕಡೆಯ ಸಿದ್ದಿ ಹೆಂಗಸರು ಅಳತೆಪಟ್ಟಿಯ ಹಂಗಿಲ್ಲದೆ ಅಂಚಿನಿಂದ ಶುರುಮಾಡಿ, ಸುತ್ತುತ್ತ ಸುತ್ತುತ್ತ ನಡುವಿಗೆ ಬಂದು ನಿಲ್ಲಿಸುತ್ತಾರೆ. ಮೂಲೆಗಳಿಗೆ ಬಟ್ಟೆಯನ್ನು ಮಡಚಿ ಮಾಡಿದ ಹೂವು ಇರಲೇಬೇಕು. ಅದಿಲ್ಲದ ಕೌದಿ ಅವರ ಕಣ್ಣಿಗೆ ಬತ್ತಲೆ. ಅವರ ಕೌದಿಗಳು ಅಮೆರಿಕದ ಮ್ಯೂಸಿಯಂ ಗೋಡೆಗಳನ್ನೂ ಏರಿವೆ. ಪಡೂಕಾದ ಮೇಜಿನ ಮುಂದೆ ಒಬ್ಬ ಸಿದ್ದಿ ಅಜ್ಜಿಯನ್ನು ತೀರ್ಪಿಗೆ ಕೂರಿಸಿದರೆ ಮೊದಲ ಬಹುಮಾನದ ನೀಲಿ ರಿಬ್ಬನ್ ಯಾರಿಗೆ ಹೋಗುತ್ತಿತ್ತೋ! ಅಂಥದೊಂದು ಸ್ಪರ್ಧೆ ನಡೆದರೆ ನಾನು ಟಿಕೆಟ್ ತೆಗೆದುಕೊಂಡು ಹೋಗುತ್ತೇನೆ.

ಇಷ್ಟಾದರೂ ಅರ್ಜಿ ತುಂಬುವವಳಿದ್ದೇನೆ. ರಿಬ್ಬನ್ನಿನ ಆಸೆ ಇಲ್ಲವೆಂದರೆ ಸುಳ್ಳಾದೀತು, ಆದರೆ ಮುಖ್ಯ ಕಾರಣ ಅದರ ಕೊನೆಯ ದಿನಾಂಕ. ದೊಡ್ಡವ್ವನ ಕೌದಿಗೆ ಆ ತಾರೀಖನ್ನು ಹೆರಿಗೆ ಕೊಡುತ್ತಿತ್ತು, ಕಾರ್ತೀಕದ ಚಳಿ ಕೊಡುತ್ತಿತ್ತು. ಬೆಂಗಳೂರಿನ ಫ್ಲ್ಯಾಟಿನಲ್ಲಿ ಎಲ್ಲರಿಗೂ ಅಂಗಡಿಯ ರಜಾಯಿಗಳಿವೆ, ನನ್ನ ಕ್ವಿಲ್ಟಿಗಾಗಿ ಯಾರೂ ನಡುಗುತ್ತ ಕೂತಿಲ್ಲ. ಹೊರಗಿನವರು ಯಾರಾದರೂ ‘ಇಂಥ ದಿನದೊಳಗೆ’ ಅನ್ನದಿದ್ದರೆ ಟ್ರಂಕಿನಲ್ಲಿರುವುದು ಟ್ರಂಕಿನಲ್ಲೇ ಇರುತ್ತದೆ.

ಕಳಿಸುವುದು ಯಾವುದೆಂದೂ ಗೊತ್ತುಮಾಡಿದ್ದೇನೆ. ಮೇಲ್ಪದರ ನನ್ನದು. ಕೈಹೊಲಿಗೆಯ ಸಾಲುಗಳನ್ನು ದೊಡ್ಡವ್ವ ಕಳೆದ ಬೇಸಗೆಯಲ್ಲಿ ಇಲ್ಲಿಗೆ ಬಂದಿದ್ದಾಗ, ಟಿವಿ ನೋಡುತ್ತ, ಕನ್ನಡಕವನ್ನು ಹಣೆಗೇರಿಸಿಕೊಂಡು ಹಾಕಿದ್ದು. ಹಿಂದೆ ಒಂದು ಲೇಬಲ್ ಹೊಲಿಯಬೇಕು, ಅದರಲ್ಲಿ ನಿನ್ನ ಹೆಸರೂ ಬರುತ್ತದೆ ಎಂದು ಮೊನ್ನೆ ಫೋನಿನಲ್ಲಿ ಹೇಳಿದೆ. ಬೇಡ ಅನ್ನುತ್ತಾಳೆಂದುಕೊಂಡಿದ್ದೆ. “ಬರೆಯೂದಾದ್ರ ಪೂರ್ತಿ ಬರಿ” ಎಂದಳು. ಗಂಡನ ಮನೆಯ ಅಡ್ಡಹೆಸರು, ತವರುಮನೆಯ ಅಡ್ಡಹೆಸರು, ಹುಟ್ಟಿದ ಊರು, ತಾಲೂಕು. ಗೋಡೆಯ ಥಂಡಿಯ ಮಾತು ಎತ್ತಲಿಲ್ಲ. ಲೇಬಲ್ಲಿಗೆಂದು ಕತ್ತರಿಸಿಟ್ಟ ತುಂಡು ಸಾಲುವುದಿಲ್ಲ. ಚಿಕ್ಕಪೇಟೆಗೆ ಹೋಗಿ ಬರಬೇಕು, ಅರ್ಧ ಮೀಟರು ಸಾಕು.