ಸಮುದ್ರ ಕಾಣದ ಸಮುದ್ರಯಾನ

ಮಧ್ಯಮವರ್ಗದ ಕನ್ನಡಿಗರ ರಜೆಗೂ ಒಂದು ಶ್ರೇಣಿಯಿದೆ. ಧರ್ಮಸ್ಥಳ, ಸುಬ್ರಹ್ಮಣ್ಯ, ಶೃಂಗೇರಿಗಳ ವಾರ್ಷಿಕ ಸುತ್ತಿನಿಂದ ಆರಂಭವಾಗಿ, ನೌಕರರ ರಜಾ ಪ್ರಯಾಣ ರಿಯಾಯಿತಿಯಾದ ಎಲ್‌ಟಿಸಿಯ ಕೃಪೆಯಿಂದ ಊಟಿ, ಶಿಮ್ಲಾಗಳನ್ನು ದಾಟಿ, ದುಬೈ, ಬ್ಯಾಂಕಾಕುಗಳವರೆಗೆ ಬಂದು ನಿಂತಿದ್ದ ಈ ಯಾತ್ರೆ ಈಗ ನೆಲವನ್ನೇ ಬಿಟ್ಟು ನೀರಿಗಿಳಿದಿದೆ. ಅಪಾರ್ಟ್‌ಮೆಂಟಿನ ಲಿಫ್ಟಿನಲ್ಲಿ ಯಾರಾದರೂ ‘ನಾವು ಈ ಸಲ ಕ್ರೂಸ್’ ಎಂದುಬಿಟ್ಟರೆ, ಸ್ವಿಟ್ಜರ್ಲೆಂಡಿಗೆ ಹೋಗಿಬಂದವರೂ ಮೊಬೈಲು ನೋಡುವ ನೆಪದಲ್ಲಿ ತಲೆ ತಗ್ಗಿಸುತ್ತಾರೆ. ಹೀಗಾಗಿ ಮಕ್ಕಳ ಬೇಸಿಗೆ ರಜೆಗೆ ಇನ್ನೂ ತಿಂಗಳುಗಳು ಇರುವಾಗಲೇ ಸಂಸಾರದ ಮೊದಲ ಹಡಗುಯಾನದ ಯೋಜನೆ ಊಟದ ಮೇಜನ್ನು ಆಕ್ರಮಿಸಿಕೊಳ್ಳುತ್ತದೆ.

ಯೋಜನೆಯ ಮೊದಲ ಹೆಜ್ಜೆ ನಮ್ಮ ಸಮುದ್ರದಿಂದ ಆದಷ್ಟು ದೂರ ಹೋಗುವುದು. ಕರ್ನಾಟಕಕ್ಕೆ 300 ಕಿಲೋಮೀಟರಿಗೂ ಮಿಕ್ಕ ಕರಾವಳಿಯಿದೆ. ಪಣಂಬೂರಿನಲ್ಲಿ ಇಂದಿರಾ ಗಾಂಧಿಯವರು 1975ರಲ್ಲಿ ಉದ್ಘಾಟಿಸಿದ ನವ ಮಂಗಳೂರು ಬಂದರಿದೆ. ಮಳೆಗಾಲ ಮುಗಿದು ಚಳಿಗಾಲ ಬಂತೆಂದರೆ ಅಲ್ಲಿಗೆ ಪ್ರವಾಸಿ ಹಡಗುಗಳೂ ಬಂದುಹೋಗುತ್ತವೆ. ಆದರೂ ಬೆಂಗಳೂರಿನ ಸಂಸಾರವೊಂದು ಅಂಥ ಹಡಗು ಹತ್ತಬೇಕೆಂದರೆ ಸಾಮಾನ್ಯವಾಗಿ ಮುಂಬೈಗೋ ಕೊಚ್ಚಿಗೋ ಚೆನ್ನೈಗೋ ಹೋಗಬೇಕು, ಕೈಯಲ್ಲಿ ಇನ್ನಷ್ಟು ಕಾಸಿದ್ದರೆ ವಿಮಾನದಲ್ಲಿ ನಾಲ್ಕೂವರೆ ಗಂಟೆ ಕುಳಿತು ಸಿಂಗಪುರ ತಲುಪಬೇಕು. ಅಂಗೈಯಲ್ಲಿ ಬೆಣ್ಣೆ ಇಟ್ಟುಕೊಂಡು ತುಪ್ಪಕ್ಕಾಗಿ ಊರೆಲ್ಲ ಅಲೆದರೆಂಬ ಗಾದೆಯನ್ನು ಕಟ್ಟಿದವರಿಗೆ ವಿಮಾನದ ದರ ಗೊತ್ತಿರಲಿಲ್ಲ. ಲಕ್ಷದ್ವೀಪದ ಅಮಿನ್‌ದಿವಿ ದ್ವೀಪಗಳು 1956ರವರೆಗೆ ದಕ್ಷಿಣ ಕನ್ನಡ ಜಿಲ್ಲೆಗೇ ಸೇರಿದ್ದವು. ಮಂಗಳೂರಿನ ಹಳೆ ಬಂದರಿನಿಂದ ಆ ದ್ವೀಪಗಳತ್ತ ಸಿಮೆಂಟು, ಜಲ್ಲಿ, ದಿನಸಿ ಹೊತ್ತ ಮಂಜಿಗಳೆಂಬ ಸರಕು ಹಡಗುಗಳು ಹೋಗುವ ರೂಢಿ ಇನ್ನೂ ನಿಂತಿಲ್ಲ. ಸಿಮೆಂಟಿನ ಮೂಟೆಗೆ ದಕ್ಕಿದ ಈ ಭಾಗ್ಯ ಪ್ರವಾಸಿಗೆ ದಕ್ಕಿಲ್ಲ. ಆತ ಪ್ರವೇಶ ಪರವಾನಗಿಗೆ ಅರ್ಜಿ ಹಾಕಿ, ಬಹುತೇಕ ಕೊಚ್ಚಿಯ ಮಾರ್ಗವಾಗಿಯೇ ಒಂದು ಕಾಲದ ತನ್ನ ಜಿಲ್ಲೆಗೆ ಹೋಗಬೇಕು.

ಹಾಗೆಂದು ನಮ್ಮ ಬಂದರು ಕೈಕಟ್ಟಿ ಕುಳಿತಿದೆಯೆಂದು ತಿಳಿಯಬಾರದು. ಕಲ್ಲಿದ್ದಲು, ಕಚ್ಚಾತೈಲ, ಅಡುಗೆ ಅನಿಲ ಇಳಿಸಿಕೊಳ್ಳುವ ಧಕ್ಕೆಗಳ, ಅಂದರೆ ಹಡಗುಕಟ್ಟೆಗಳ, ಸಾಲಿನಲ್ಲಿ ಬೆಳಿಗ್ಗೆ ಬಿಳಿಯ ಹಡಗೊಂದು ಬಂದು ತಾಗುತ್ತಲೇ ಚೆಂಡೆ ಮೊಳಗುತ್ತದೆ. ಬೆಳಕು ಹರಿಯುವ ಮುನ್ನವೇ ಕನ್ನಡಿಯ ಮುಂದೆ ಕುಳಿತು ಬಣ್ಣ ಬಳಿದುಕೊಂಡು, ಕಿರೀಟ ಕಟ್ಟಿ, ಭುಜಕೀರ್ತಿ ತೊಟ್ಟ ಯಕ್ಷಗಾನದ ವೇಷಧಾರಿ ಕರಾವಳಿಯ ಬಿಸಿಲಿನಲ್ಲಿ ಬೆವರುತ್ತ ನಿಂತಿರುತ್ತಾನೆ. ರಾತ್ರಿಯಿಡೀ ಆಡಬೇಕಾದ ಪ್ರಸಂಗ ಇಲ್ಲಿ ಅವನಿಗೆ ಗಿರಕಿ ಹೊಡೆಯುವ ಎರಡು ನಿಮಿಷದ ಧೀಂಗಿಣಕ್ಕೆ ಇಳಿದಿರುತ್ತದೆ, ಅದೂ ಕಥೆಯಿಲ್ಲದೆ, ಎದುರಾಳಿಯಿಲ್ಲದೆ. ಚಡ್ಡಿ, ಟೊಪ್ಪಿಗಳ ವಿದೇಶಿ ಹಿರಿಯರು ಒಬ್ಬೊಬ್ಬರಾಗಿ ಆತನ ಪಕ್ಕ ನಿಂತು ಫೋಟೊ ತೆಗೆಸಿಕೊಂಡು, ಬಸ್ಸು ಹತ್ತಿ, ಕುದ್ರೋಳಿಯ ದೇವಸ್ಥಾನ, ಸಂತ ಅಲೋಶಿಯಸ್ ಚಾಪೆಲ್, ಮೂಡುಬಿದಿರೆಯ ಸಾವಿರ ಕಂಬದ ಬಸದಿಗಳನ್ನು ಸುತ್ತಿ, ಗೋಡಂಬಿ ಕಾರ್ಖಾನೆಯಲ್ಲಿ ಹೆಂಗಸರು ಬೀಜ ಸುಲಿಯುವುದನ್ನು ಬೆರಗಿನಿಂದ ನೋಡಿ, ಸಂಜೆಯೊಳಗೆ ಹಡಗಿಗೆ ಮರಳುತ್ತಾರೆ. ಮರುದಿನ ಪತ್ರಿಕೆಗಳಲ್ಲಿ ಹಡಗಿನ ಉದ್ದ ಇಷ್ಟು ಮೀಟರ್, ಪ್ರಯಾಣಿಕರು ಇಷ್ಟು, ಸಿಬ್ಬಂದಿ ಇಷ್ಟು ಎಂದು ಅಚ್ಚಾಗುತ್ತದೆ. ಕರಾವಳಿಯ ಹುಡುಗರು ಇಂಥ ಹಡಗನ್ನು ಹತ್ತುವುದೇ ಇಲ್ಲ ಎಂದರೆ ತಪ್ಪಾದೀತು. ಮಂಗಳೂರು, ಉಡುಪಿ, ಗೋವಾಗಳ ಎಷ್ಟೋ ಮಂದಿ ಹತ್ತುತ್ತಾರೆ. ಬೇರೆ ದೇಶದ ಬಂದರಿನಲ್ಲಿ, ಅಡುಗೆಮನೆಯ ಬಾಗಿಲಿನಿಂದ, ತಿಂಗಳುಗಟ್ಟಲೆಯ ಕರಾರಿನ ಮೇಲೆ.

ಈಗ ನಮ್ಮ ಸಂಸಾರದ ಕಡೆಗೆ ಬರೋಣ. ಗಂಡ, ಹೆಂಡತಿ, ಎರಡು ಮಕ್ಕಳು ಮತ್ತು ಗಂಡನ ತಾಯಿ ಎಂದಿಟ್ಟುಕೊಳ್ಳಿ. ಎಲ್ಲರೂ ಟ್ರಾವೆಲ್ ಏಜೆಂಟನ ಮೇಜಿನ ಮುಂದೆ ಕುಳಿತಿದ್ದಾರೆ. “ಸಾರ್, ಎಲ್ಲಾ ಸೇರಿಸಿಯೇ ರೇಟು. ಹಡಗು ಹತ್ತಿದ ಮೇಲೆ ನೀವು ಪರ್ಸ್ ತೆಗೆಯೋ ಹಾಗೇ ಇಲ್ಲ” ಎಂದು ಏಜೆಂಟ್ ಎದೆಮುಟ್ಟಿ ಹೇಳುತ್ತಾನೆ. ಆತ ಅಪ್ಪಟ ಸತ್ಯವನ್ನೇ ನುಡಿಯುತ್ತಿದ್ದಾನೆ. ಹಡಗಿನಲ್ಲಿ ಪರ್ಸ್ ತೆಗೆಯುವ ಪ್ರಮೇಯವೇ ಬರುವುದಿಲ್ಲ, ಏಕೆಂದರೆ ಒಳಗೆ ಕಾಲಿಡುವ ಹೊತ್ತಿಗೆ ನಿಮ್ಮ ಕ್ರೆಡಿಟ್ ಕಾರ್ಡನ್ನು ಹಡಗಿನ ಖಾತೆಗೆ ಜೋಡಿಸಿಕೊಂಡು, ಕೋಣೆಯ ಬೀಗ ತೆರೆಯುವ ಕಾರ್ಡನ್ನೇ ದುಡ್ಡಿನಂತೆ ಬಳಸಲು ಕೊಟ್ಟಿರುತ್ತಾರೆ. ದುಡ್ಡು ಹೋಗುವುದು ಕಣ್ಣಿಗೆ ಕಾಣಬಾರದೆಂಬ ಈ ಕಾಳಜಿಯನ್ನು ಮೆಚ್ಚಲೇಬೇಕು.

ಬೆಲೆಪಟ್ಟಿಯಲ್ಲಿ ದಪ್ಪಕ್ಷರದಲ್ಲಿರುವುದು ‘ಒಬ್ಬರಿಗೆ’ ಎಂಬ ದರ. ಅದು ಒಂದು ಕೋಣೆಯಲ್ಲಿ ಇಬ್ಬರಿದ್ದಾಗ ಒಬ್ಬರಿಗೆ ಬೀಳುವ ದರವೆಂಬುದು ಕೆಳಗೆ ಇರುವೆಯ ಸಾಲಿನಂಥ ಅಕ್ಷರದಲ್ಲಿರುತ್ತದೆ. ಅಜ್ಜಿ ಒಂದು ಕೋಣೆಯಲ್ಲಿ ಒಬ್ಬರೇ ಮಲಗುವುದಾದರೆ, ಜೊತೆಯಲ್ಲಿ ಇಲ್ಲದ ಎರಡನೆಯವರ ಪಾಲನ್ನೂ ಹೆಚ್ಚುಕಡಿಮೆ ಪೂರ್ತಿಯಾಗಿ ಕಟ್ಟಬೇಕು. ತೀರಿಕೊಂಡ ಅಜ್ಜನ ಹೆಸರಿಗೆ ಇಷ್ಟು ವರ್ಷಗಳ ಮೇಲೂ ಜಾಗ ಹಿಡಿದು ದುಡ್ಡು ಕೇಳುವ ಶ್ರದ್ಧೆ ನಮ್ಮ ಪುರೋಹಿತರನ್ನು ಬಿಟ್ಟರೆ ಹಡಗಿನ ಕಂಪನಿಗಳಲ್ಲಿ ಮಾತ್ರ ಉಳಿದಿದೆ. ಆಮೇಲೆ ಬಂದರು ಶುಲ್ಕ, ಜಿಎಸ್‌ಟಿ, ವಿದೇಶ ಪ್ರವಾಸದ ಪ್ಯಾಕೇಜಿಗೆ ಮೂಲದಲ್ಲೇ ಸಂಗ್ರಹಿಸುವ ತೆರಿಗೆ. ಇಂಟರ್ನೆಟ್ಟಿಗೆ ಬೇರೆ, ತಂಪು ಪಾನೀಯಕ್ಕೆ ಬೇರೆ, ‘ವಿಶೇಷ’ ಎಂಬ ಫಲಕ ಹೊತ್ತ ಭೋಜನಶಾಲೆಗೆ ಬೇರೆ. ಕೊನೆಗೆ ಬಕ್ಷೀಸು. ಅಮೆರಿಕದ ದೊಡ್ಡ ಕಂಪನಿಗಳಲ್ಲಿ ತಲೆಗೆ ದಿನವೊಂದಕ್ಕೆ ಸುಮಾರು 16ರಿಂದ 20 ಡಾಲರ್ ಬಕ್ಷೀಸು ತಾನಾಗಿಯೇ ಖಾತೆಗೆ ಬೀಳುತ್ತದೆ. ಐದು ವರ್ಷದ ಮಗುವೂ ಐವತ್ತರ ಉದ್ಯಮಿಯಷ್ಟೇ ಧಾರಾಳಿಯಾಗಿರಬೇಕು. ಮಾಲೀಕರು ಅಮೆರಿಕದಲ್ಲಿ, ಹಡಗಿನ ಬಾವುಟ ಬಹಾಮಾಸಿನದೋ ಪನಾಮಾದ್ದೋ, ದುಡಿಯುವವರು ಫಿಲಿಪೀನ್ಸ್, ಇಂಡೊನೇಷ್ಯಾ, ಭಾರತಗಳವರು. ಇವರಿಗೆ ಸಂಬಳ ಕೊಡುವ ಹೊಣೆ ಯಾವ ದೇಶದ ಕಾನೂನಿಗೆ ಸೇರಿದ್ದೆಂಬ ಜಟಿಲ ಪ್ರಶ್ನೆಯನ್ನು ಪ್ರಯಾಣಿಕರ ಔದಾರ್ಯದ ಲೆಕ್ಕಕ್ಕೆ ಬರೆದು ಸುಲಭವಾಗಿ ಬಗೆಹರಿಸಲಾಗಿದೆ.

ಮೊತ್ತವನ್ನು ಕೂಡಿಸಿ ನೋಡಿದ ಗಂಡನಿಗೆ ಅಗ್ಗದ ಕೋಣೆಯ ನೆನಪಾಗುತ್ತದೆ. ಹಡಗಿನ ಹೊಟ್ಟೆಯಲ್ಲಿರುವ ಆ ಕೋಣೆಗೆ ಕಿಟಕಿಯೇ ಇಲ್ಲ. ಏಜೆಂಟ್ ಧೈರ್ಯ ತುಂಬುತ್ತಾನೆ: ಕೆಲವು ಹಡಗುಗಳಲ್ಲಿ ಕಿಟಕಿಯಿಲ್ಲದ ಕೋಣೆಯ ಗೋಡೆಗೆ ಸೂರಿನಿಂದ ನೆಲದವರೆಗೆ ದೊಡ್ಡ ಪರದೆ ಇರುತ್ತದೆ, ಹೊರಗಿನ ಕ್ಯಾಮೆರಾ ಹಿಡಿದ ಸಮುದ್ರ ಅದರಲ್ಲಿ ಆಯಾ ಕ್ಷಣಕ್ಕೆ ಕಾಣುತ್ತದೆ. ಇದು ಏಜೆಂಟನ ಕಲ್ಪನೆಯೇನೂ ಅಲ್ಲ, ಹತ್ತು ವರ್ಷಗಳಿಗೂ ಮೇಲ್ಪಟ್ಟು ಚಾಲ್ತಿಯಲ್ಲಿರುವ ವ್ಯವಸ್ಥೆ. ಬಣ್ಣದ ಮೀನು ಈಜುತ್ತ ಇಣುಕಿಹೋಗುವ ಸುಳ್ಳು ಕಿಟಕಿಗಳೂ ಮಕ್ಕಳಿಗಾಗಿ ಇವೆ. ಸಮುದ್ರದ ನಡುವೆ ಮಲಗಿ ಟಿವಿಯಲ್ಲಿ ಸಮುದ್ರ ನೋಡುವ ಈ ಏರ್ಪಾಡನ್ನು ಕೇಳಿದ ಅಜ್ಜಿ, “ಅಲ್ಲಪ್ಪಾ, ಅದನ್ನ ಮನೇಲೇ ಹಾಕ್ಕೊಂಡು ನೋಡಬಹುದಲ್ಲ?” ಎಂದರು. ಮೇಜಿನ ಸುತ್ತ ಕುಳಿತ ಯಾರೂ ಅದಕ್ಕೆ ಉತ್ತರಿಸದೆ ಮಕ್ಕಳ ಪಾಸ್‌ಪೋರ್ಟಿನ ಅವಧಿಯ ವಿಷಯಕ್ಕೆ ಹೊರಳಿದರು. ವೀಸಾದ ವಿಚಾರದಲ್ಲೂ ಇದೇ ತರ್ಕ. ಸಿಂಗಪುರದಿಂದ ಹೊರಟು, ಮಲೇಷ್ಯಾವನ್ನೋ ಥಾಯ್ಲೆಂಡನ್ನೋ ಮುಟ್ಟಿ, ಅದೇ ಹಡಗಿನಲ್ಲಿ ಅದೇ ಧಕ್ಕೆಗೆ ಮರಳುವವರು ಕಾಗದದ ಮೇಲೆ ಸಿಂಗಪುರವನ್ನು ಎರಡು ಸಲ ಪ್ರವೇಶಿಸುತ್ತಾರೆ. ಆದ್ದರಿಂದ ಹಲವು ಬಾರಿ ಪ್ರವೇಶಿಸುವ ವೀಸಾ ಇರಲೇಬೇಕು.

ಕಿಟಕಿ ಇಲ್ಲವೆಂದು ಮರುಗುವ ಕಾರಣವೂ ಇಲ್ಲ ಎನ್ನಿ. ಒಳಗಿರುವವರಿಗೆ ಹೊರಗೆ ನೋಡುವ ಪುರುಸೊತ್ತು ಬರದಂತೆ ಹಡಗನ್ನು ಕಟ್ಟಿರುತ್ತಾರೆ. 2024ರ ಜನವರಿಯಲ್ಲಿ ಮಯಾಮಿಯಿಂದ ಮೊದಲ ಯಾನ ಹೊರಟ ‘ಐಕಾನ್ ಆಫ್ ದಿ ಸೀಸ್’ 365 ಮೀಟರ್ ಉದ್ದದ, 20 ಅಂತಸ್ತಿನ, ಏಳು ಈಜುಕೊಳಗಳಿರುವ ಹಡಗು. ಭರ್ತಿಯಾದರೆ 7,600 ಪ್ರಯಾಣಿಕರು ಅದರಲ್ಲಿ ಹಿಡಿಸುತ್ತಾರೆ. ಸುತ್ತಲೂ ಅಗಾಧ ನೀರಿರುವ ಜಾಗಕ್ಕೆ ಏಳು ಕೊಳಗಳನ್ನು ಹೊತ್ತೊಯ್ಯಬೇಕಾದರೆ ಸಮುದ್ರದ ಮೇಲೆ ಎಂಥ ಅಪನಂಬಿಕೆ ಇರಬೇಕು! ಊರುಗಳ ಮೇಲೂ ಅಷ್ಟೇ. ಸಿಕ್ಕ ಬಂದರಿಗೆ ಪ್ರಯಾಣಿಕರನ್ನು ಬಿಟ್ಟರೆ ಅವರು ದುಡ್ಡನ್ನು ಆ ಊರಿನಲ್ಲೇ ಖರ್ಚು ಮಾಡುತ್ತಾರೆಂಬ ಭಯದಿಂದ ದೊಡ್ಡ ಕಂಪನಿಗಳು ತಮ್ಮದೇ ದ್ವೀಪ, ತಮ್ಮದೇ ತೀರಗಳನ್ನು ಇಟ್ಟುಕೊಂಡಿವೆ. ಹೈಟಿಯ ಲಬಾಡಿ ಎಂಬ ಕಡಲತೀರವನ್ನು ಇಂಥದೊಂದು ಕಂಪನಿ ಗುತ್ತಿಗೆಗೆ ಪಡೆದು ಬೇಲಿ ಹಾಕಿಸಿತು. ಹೈಟಿಯ ಮರಳಿನಲ್ಲಿ ಹೊರಳಾಡಿಯೂ ಹೈಟಿಯನ್ನು ನೋಡದೆ ಬರುವ ಅನುಕೂಲ ಅದರಿಂದ ಆಯಿತು. ಕೊರೊನಾ ಕಾಲದಲ್ಲಿ, 2020ರ ಕೊನೆಗೆ, ಸಿಂಗಪುರದಿಂದ ಎಲ್ಲಿಗೂ ಹೋಗದ ಹಡಗುಗಳೇ ಹೊರಟವು. ಎರಡು ಮೂರು ರಾತ್ರಿ ನೀರಿನ ಮೇಲೆ ಸುತ್ತಿ, ಯಾವ ನೆಲವನ್ನೂ ಮುಟ್ಟದೆ ಅವು ಮರಳಿದವು. ಊರು ಬೇಕಾಗಿರಲಿಲ್ಲವೆಂಬುದು ಆಗಲೇ ಸಾಬೀತಾಗಿತ್ತು.

ಸಮುದ್ರದ ಉಪಯೋಗ ಉಳಿದಿರುವುದು ಒಂದೇ ಕಡೆ. ದೇಶವೊಂದರ ಕಾನೂನಿನ ಕೈ ತೀರದಿಂದ 12 ನಾಟಿಕಲ್ ಮೈಲಿಯವರೆಗೆ ಚಾಚಿರುತ್ತದೆ; ಅದನ್ನು ದಾಟುವವರೆಗೆ ಸಾಮಾನ್ಯವಾಗಿ ಹಡಗಿನ ಕ್ಯಾಸಿನೊದ ಬಾಗಿಲು ತೆರೆಯುವುದಿಲ್ಲ. ಭೂಗೋಳದ ಪಾಠದಲ್ಲಿ ಅಂಕ ಕಳೆದುಕೊಂಡಿದ್ದ ಅಪ್ಪಂದಿರೂ ಆ ಹೊತ್ತಿನಲ್ಲಿ ಹಡಗಿನ ವೇಗ, ದಿಕ್ಕು, ದೂರಗಳನ್ನು ನಿಖರವಾಗಿ ಲೆಕ್ಕ ಹಾಕುತ್ತಿರುತ್ತಾರಂತೆ. ಗೋವಾದವರು ಈ ವಿಷಯದಲ್ಲಿ ನಮಗಿಂತ ಜಾಣರು: ಪಣಜಿಯ ಮಾಂಡೋವಿ ನದಿಯಲ್ಲಿ ಲಂಗರು ಹಾಕಿ ನಿಲ್ಲಿಸಿದ ಹಡಗುಗಳಲ್ಲೇ ಕ್ಯಾಸಿನೊ ನಡೆಯುತ್ತಿದೆ, ಸಮುದ್ರದವರೆಗೆ ಹೋಗುವ ಇಂಧನವೂ ಉಳಿತಾಯ.

ಸರ್ಕಾರಗಳಿಗೆ ಇದೆಲ್ಲ ಅಭಿವೃದ್ಧಿಯಾಗಿ ಕಾಣುವುದರಲ್ಲಿ ಆಶ್ಚರ್ಯವಿಲ್ಲ. 2023ರ ಜನವರಿಯಲ್ಲಿ ವಾರಾಣಸಿಯಿಂದ ದಿಬ್ರುಗಢಕ್ಕೆ ‘ಗಂಗಾ ವಿಲಾಸ’ ಎಂಬ ನದಿಯಾನದ ಹಡಗು ಹೊರಟಿತು: 51 ದಿನ, ಸುಮಾರು 3,200 ಕಿಲೋಮೀಟರ್. ಮೊದಲ ಯಾನದ ಪ್ರವಾಸಿಗರು ಸ್ವಿಟ್ಜರ್ಲೆಂಡಿನವರು. ಅದು ಸಹಜವೇ, ಮೇಲಧಿಕಾರಿಯ ಬಳಿ 51 ದಿನದ ರಜೆ ಕೇಳಿ ಜೀವಂತವಾಗಿ ಹೊರಬಂದ ಭಾರತೀಯನನ್ನು ಯಾರೂ ಕಂಡಿಲ್ಲ. 2024ರ ಸೆಪ್ಟೆಂಬರಿನಲ್ಲಿ ಕೇಂದ್ರ ಸರ್ಕಾರ ‘ಕ್ರೂಸ್ ಭಾರತ್ ಮಿಷನ್’ ಆರಂಭಿಸಿ, 2029ರೊಳಗೆ ಹಡಗು ಪ್ರವಾಸಿಗರ ಸಂಖ್ಯೆಯನ್ನು ದುಪ್ಪಟ್ಟು ಮಾಡುವುದಾಗಿ ಹೇಳಿತು. ಗುರಿ ದೊಡ್ಡದೇ. ಆದರೆ ನಮ್ಮ ದೇಶಕ್ಕೆ ಹಡಗು ಬರುವ ದಾರಿಗಿಂತ ಅದು ಮುಗಿಯುವ ದಾರಿ ಹೆಚ್ಚು ಪ್ರಶಸ್ತವಾಗಿದೆ. ಭಾರತೀಯ ಸಂಸಾರಗಳಿಗಾಗಿಯೇ 2019ರಲ್ಲಿ ಮುಂಬೈಯಿಂದ ಭರ್ಜರಿಯಾಗಿ ಆರಂಭವಾದ ‘ಕರ್ಣಿಕಾ’ ಹಡಗಿನ ಕಂಪನಿ ಮರುವರ್ಷವೇ ಮುಚ್ಚಿತು, ಹಡಗು ಗುಜರಾತಿನ ಅಲಂಗ್ ತೀರದಲ್ಲಿ ಗುಜರಿಗೆ ಹೋಯಿತು. ಜಗತ್ತಿನ ಎಷ್ಟೋ ಐಷಾರಾಮಿ ಹಡಗುಗಳು ಹೀಗೆ ಅಲಂಗಿನ ಕೆಸರಿಗೆ ನುಗ್ಗಿ ನಿಂತು, ಗ್ಯಾಸ್ ಕಟರಿಗೆ ಮೈಯೊಡ್ಡಿ, ಮಂಚ, ಕನ್ನಡಿ, ತಟ್ಟೆ, ಲೋಟಗಳಾಗಿ ರಸ್ತೆಬದಿಯ ಅಂಗಡಿಗಳಿಗೆ ಬಿಕರಿಯಾಗುತ್ತವೆ.

ನನ್ನ ಮನವಿ ಇಷ್ಟೆ. ಅಲಂಗಿಗೆ ಹೊರಟ ಇಂಥ ಒಂದು ಮುದಿ ಹಡಗನ್ನು ಕರ್ನಾಟಕ ಸರ್ಕಾರ ತೂಕದ ಲೆಕ್ಕದಲ್ಲಿ ಕೊಂಡು ಪಣಂಬೂರಿನಲ್ಲಿ ಶಾಶ್ವತವಾಗಿ ಕಟ್ಟಿಹಾಕಬೇಕು. ಬೆಂಗಳೂರಿನಿಂದ ರಾತ್ರಿ ಬಸ್ಸು ಹತ್ತಿ, ಶಿರಾಡಿ ಘಾಟಿಯಲ್ಲಿ ರಸ್ತೆ ಇದ್ದರೆ, ಬೆಳಿಗ್ಗೆ ಬಂದಿಳಿಯುವ ಸಂಸಾರಗಳಿಗೆ ವೀಸಾ ಬೇಡ, ಪಾಸ್‌ಪೋರ್ಟು ಬೇಡ, ವಾಂತಿಯ ಮಾತ್ರೆಯನ್ನು ಘಾಟಿಯಲ್ಲೇ ನುಂಗಿ ಆಗಿರುತ್ತದೆ. ಚೆಂಡೆಯವರು, ವೇಷಧಾರಿಗಳು ಹೇಗೂ ಸಿದ್ಧರಿದ್ದಾರೆ. ಇನ್ನುಮುಂದೆ ನಮ್ಮವರನ್ನೂ ಅವರು ಸ್ವಾಗತಿಸಲಿ. ಕೋಣೆಗಳಿಗೆ ಕಿಟಕಿ ಇರಬಾರದು, ಪರದೆ ಇರಬೇಕು, ಅದರಲ್ಲಿ ಹಡಗಿನ ಬಗಲಲ್ಲೇ ಇರುವ ಪಣಂಬೂರು ಕಡಲತೀರ ದಿನವಿಡೀ ಕಾಣುತ್ತಿರಬೇಕು. ಅಜ್ಜಿಯ ಕೋಣೆಗೆ ಅಜ್ಜನ ಪಾಲನ್ನು ಯಥಾಪ್ರಕಾರ ವಸೂಲು ಮಾಡಬಹುದು. ಬಕ್ಷೀಸು ಮುಂಗಡ. ಹಡಗಿನಿಂದ ಇಳಿದು ಆ ತೀರಕ್ಕೆ ನಡೆದುಹೋಗಿ, ಮರಳಿನಲ್ಲಿ ಚರುಮುರಿ ತಿಂದು, ಮೊಣಕಾಲುದ್ದದ ನೀರಿನಲ್ಲಿ ನಿಂತು ಬರುವ ಅರ್ಧ ದಿನದ ವಿಹಾರಕ್ಕೆ ಮಾತ್ರ, ಅದು ಪ್ಯಾಕೇಜಿನಲ್ಲಿ ಸೇರಿಲ್ಲವಾದ್ದರಿಂದ, ಶುಲ್ಕ ಪ್ರತ್ಯೇಕ.